ಇಂಗಿತವನ್ನು ಓದುವವರು: ಶ್ರೀರಂಗಪಟ್ಟಣದ ಯಂತ್ರಹುಲಿ, ದೊಡ್ಡ ಸ್ವಾಮಿಯವರು ಮತ್ತು ಇಂದಿನ ರೋಬೋಟು

ಮಾತನಾಡುತ್ತಿರುವ ಮನುಷ್ಯನ ಇಂಗಿತವನ್ನು ಯಂತ್ರವೊಂದು ಗ್ರಹಿಸಬಲ್ಲದೇ ಎಂಬುದು ಕೆಲವು ದಶಕಗಳ ಹಿಂದೆ ಕೇವಲ ತಂತ್ರಜ್ಞರ ಕುತೂಹಲವಾಗಿತ್ತು. ಇಂದು ಆ ಪ್ರಶ್ನೆ ಬ್ಯಾಂಕಿನ ಬಾಗಿಲಿಗೂ ಆಸ್ಪತ್ರೆಯ ಹಾಸಿಗೆಯ ಬದಿಗೂ ಬಂದು ನಿಂತಿದೆ. ರೋಗಿಯ ಹಾಸಿಗೆಯ ಬದಿಯಲ್ಲಿ ಕುಳಿತು ಕೇಳುವುದು ಧರ್ಮಗುರುವಿನ ಕೆಲಸವೂ ಆಗಿರುವುದರಿಂದ, ಗುರುಮಠದಲ್ಲಿರುವ ನಾವು ಇದನ್ನು ಪರರ ವಿಷಯವೆಂದು ಬಿಡುವಂತಿಲ್ಲ. ಯಂತ್ರಕ್ಕೆ ಆತ್ಮವಿದೆಯೇ ಎಂಬ ತತ್ತ್ವಶಾಸ್ತ್ರದ ಚರ್ಚೆಯನ್ನು ಈ ಲೇಖನದಲ್ಲಿ ನಾನು ಎತ್ತಿಕೊಳ್ಳುವುದಿಲ್ಲ. ಅದು ಬೇಕಾದಷ್ಟು ನಡೆದಿದೆ. ಬದಲಾಗಿ, ಮನುಷ್ಯರ ಮುಖವನ್ನೂ ನಡೆಯನ್ನೂ ಓದುವ ಕೆಲಸಕ್ಕೆ ನಮ್ಮ ನೆಲದಲ್ಲೇ ಇರುವ ಒಂದು ಹಳೆಯ ಇತಿಹಾಸವನ್ನು ನೆನೆಯಬೇಕೆಂದಿದ್ದೇನೆ. ಅದು ಶ್ರೀರಂಗಪಟ್ಟಣದ್ದು. ಅದರಲ್ಲಿ ಒಂದು ಯಂತ್ರವೂ ಇದೆ, ಒಬ್ಬ ಧರ್ಮಗುರುವೂ ಇದ್ದಾರೆ.

ಹೆದ್ದಾರಿಯ ಬದಿಯ ಬಾಬುರಾಯನಕೊಪ್ಪಲನ್ನು ಹಾದು ಕಾವೇರಿಯ ಕವಲನ್ನು ದಾಟಿದರೆ ಶ್ರೀರಂಗಪಟ್ಟಣದ ಕೋಟೆ. 1799ರ ಮೇ 4ರಂದು ಆ ಕೋಟೆ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ, ಅರಮನೆಯ ವಾದ್ಯಗಳ ಕೋಣೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ಒಂದು ವಿಚಿತ್ರ ವಸ್ತು ಸಿಕ್ಕಿತು. ಬಣ್ಣ ಬಳಿದ ಮರದ ಹುಲಿಯೊಂದು, ಅಂಗಾತ ಬಿದ್ದಿರುವ ಐರೋಪ್ಯ ಸೈನಿಕನ ಮೇಲೆ ಎರಗಿ ಅವನ ಕೊರಳಿಗೆ ಬಾಯಿ ಹಾಕಿದೆ. ಅದರ ಉದ್ದ 6 ಅಡಿಗೆ ತುಸು ಕಡಿಮೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದುತ್ತವೆ. ಬಿದ್ದವನ ಎಡಗೈ ಮೇಲೆದ್ದು ಇಳಿಯುತ್ತದೆ, ಅವನ ಬಾಯಿಂದ ನರಳಾಟ ಹೊರಡುತ್ತದೆ, ಹುಲಿ ನಡುನಡುವೆ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ 18 ಸ್ವರಗಳ ಪುಟ್ಟ ವಾದ್ಯವೂ ಇದೆ. 1808ರಿಂದ ಅದು ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಜನರ ನೋಟಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದುದರಿಂದ ಅಲ್ಲಿಯ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಅದರ ಕೂಗು ತಲೆನೋವಾಗಿತ್ತು. 1880ರಿಂದ ಅದು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯಲಾಗುವ ವಸ್ತುಸಂಗ್ರಹಾಲಯದಲ್ಲಿದೆ.

ಟಿಪ್ಪುವಿನ ಈ ಹುಲಿಯ ರಾಜಕೀಯ ಅರ್ಥವನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ನನ್ನ ಗಮನ ಬೇರೆ ಕಡೆಗಿದೆ. ಈ ಯಂತ್ರ ನೋವಿನ ಸೂಚನೆಗಳನ್ನು ಹೊರಹೊಮ್ಮಿಸುತ್ತದೆ: ಎತ್ತಿದ ಕೈ, ನರಳುವ ದನಿ. ಆದರೆ ಏನನ್ನೂ ಸ್ವೀಕರಿಸುವುದಿಲ್ಲ. ಎದುರಿಗೆ ನಿಂತವನು ನಕ್ಕರೂ ಅತ್ತರೂ ಹುಲಿಯ ಗುರುಗುಟ್ಟುವಿಕೆ ಬದಲಾಗದು. ಮುಂದಿನ ಒಂದೂವರೆ ಶತಮಾನ ಜಗತ್ತಿನಲ್ಲಿ ಹುಟ್ಟಿದ ಮಾತಾಡುವ, ಬರೆಯುವ, ವಾದ್ಯ ನುಡಿಸುವ ಬೊಂಬೆಗಳಿಗೆಲ್ಲ ಇದೇ ಮಿತಿಯಿತ್ತು.

ಆ ಮಿತಿ ಮೀರಿದಂತೆ ಮೊದಲು ತೋರಿದ್ದು ಮುಖವೇ ಇಲ್ಲದ ಒಂದು ಯಂತ್ರದಲ್ಲಿ. 1966ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಅವರು ಎಲೈಜಾ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ಆಪ್ತಸಲಹೆಗಾರನಂತೆ ನಟಿಸುತ್ತಿತ್ತು. ನೀವು ಟೈಪು ಮಾಡಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಮರಳಿಸುತ್ತಿತ್ತು, ಅಷ್ಟೆ. ಆದರೂ ಅದರೊಡನೆ ಮಾತಿಗೆ ಕುಳಿತ ವೈಜೆನ್‌ಬಾಮ್‌ರ ಕಾರ್ಯದರ್ಶಿ, ಸ್ವಲ್ಪ ಹೊತ್ತಿನ ಬಳಿಕ, ಕೋಣೆಯಿಂದ ಹೊರಗೆ ಹೋಗುವಿರಾ ಎಂದು ಅವರನ್ನೇ ಕೇಳಿದರು. ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾರಿಗಾದರೂ ಈ ಪ್ರಸಂಗ ತಟ್ಟದೆ ಇರದು. ಆ ಹೆಂಗಸಿಗೆ ಬೇಕಾಗಿದ್ದ ಏಕಾಂತವನ್ನು ಯಂತ್ರ ಗುರುತಿಸಲಿಲ್ಲ. ಅದನ್ನು ಗುರುತಿಸಿ ಆಮೇಲೆ ಕಳವಳಗೊಂಡವರು ಅದನ್ನು ಕಟ್ಟಿದ ಮನುಷ್ಯ. ಉಳಿದ ಆಯುಷ್ಯವನ್ನು ಅವರು ಬಹುಪಾಲು ಇಂಥ ಯಂತ್ರಗಳ ವಿಷಯದಲ್ಲಿ ಎಚ್ಚರಿಕೆ ಹೇಳುವುದರಲ್ಲೇ ಕಳೆದರು.

ಅದೇ ಎಂ.ಐ.ಟಿ.ಯಲ್ಲಿ 1990ರ ದಶಕದ ಕೊನೆಗೆ ಸಿಂಥಿಯಾ ಬ್ರಿಜೀಲ್ ಅವರು ಕಿಸ್ಮತ್ ಎಂಬ ರೋಬೋಟಿನ ತಲೆಯನ್ನು ರೂಪಿಸಿದರು. ಹುಬ್ಬು, ರೆಪ್ಪೆ, ತುಟಿ, ಕಿವಿಗಳನ್ನು ಆಡಿಸಬಲ್ಲ ಅದಕ್ಕೆ ಮಾತಿನ ಅರ್ಥ ತಿಳಿಯುತ್ತಿರಲಿಲ್ಲ. ದನಿಯ ಏರಿಳಿತದಿಂದ ಹೊಗಳಿಕೆಯನ್ನು ಗದರಿಕೆಯಿಂದ, ಕರೆಯುವುದನ್ನು ಸಂತೈಸುವುದರಿಂದ ಬೇರ್ಪಡಿಸುವುದಷ್ಟೇ ಅದರ ಪ್ರಯತ್ನ. ತೊಟ್ಟಿಲ ಕೂಸು ಮಾಡುವುದೂ ಅಷ್ಟನ್ನೇ. 1997ರಲ್ಲಿ ರೋಸಲಿಂಡ್ ಪಿಕಾರ್ಡ್ ಅವರು ಭಾವನೆಗಳನ್ನು ಗ್ರಹಿಸುವ ಗಣಕವಿದ್ಯೆಯ ಬಗ್ಗೆ ಗ್ರಂಥ ಬರೆದು ಆ ಕ್ಷೇತ್ರಕ್ಕೆ ಹೆಸರು ಕೊಟ್ಟರು. ಅದಕ್ಕೂ ಮೊದಲೇ, 1978ರಲ್ಲಿ, ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸನ್ ಮುಖದ ಸ್ನಾಯುಗಳ ಒಂದೊಂದು ಚಲನೆಗೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ್ದರು. ಇಂದು ಕ್ಯಾಮೆರಾ ನಮ್ಮ ಮುಖವನ್ನು ಓದುವ ವಿಧಾನಗಳ ಹಿಂದೆ ಬಹುಮಟ್ಟಿಗೆ ಆ ಪಟ್ಟಿಯ ನೆರಳಿದೆ.

ಸಂಭಾಷಣೆಯಲ್ಲಿ ರೋಬೋಟು ಓದಬೇಕಾದದ್ದು ಮುಖವನ್ನು ಮಾತ್ರವಲ್ಲ. ಎದುರಿನವನು ಎತ್ತ ನೋಡುತ್ತಿದ್ದಾನೆ, ಎಷ್ಟು ದೂರ ನಿಂತಿದ್ದಾನೆ, ಮೈಯನ್ನು ಯಾವ ಕಡೆ ತಿರುಗಿಸಿದ್ದಾನೆ, ದನಿ ಏರುತ್ತಿದೆಯೋ ಇಳಿಯುತ್ತಿದೆಯೋ, ಎಲ್ಲವೂ ಬೇಕು. ಇವುಗಳಲ್ಲಿ ಅತ್ಯಂತ ಕಠಿಣವಾದದ್ದು ಸರದಿ: ಎದುರಿನವನ ಮಾತು ಮುಗಿಯಿತೇ, ಅಥವಾ ಅವನು ಪದಕ್ಕಾಗಿ ತಡಕಾಡುತ್ತಿದ್ದಾನೆಯೇ? 2009ರಲ್ಲಿ ಪ್ರಕಟವಾದ, 10 ಭಾಷೆಗಳನ್ನು ಹೋಲಿಸಿದ ಒಂದು ಅಧ್ಯಯನ, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಎಂದು ತೋರಿಸಿತು. ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ನಾಲಿಗೆಗೆ ತರಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಎಂದರೆ ಮನುಷ್ಯ ಮೌನಕ್ಕಾಗಿ ಕಾಯುವುದಿಲ್ಲ. ಎದುರಿನವನ ಮಾತು ಎಲ್ಲಿ ಮುಗಿಯಲಿದೆ ಎಂಬುದನ್ನು ಮೊದಲೇ ಊಹಿಸಿ ಸಿದ್ಧನಾಗಿರುತ್ತಾನೆ. ಯಂತ್ರಗಳು ಬಹುಕಾಲ ಮಾಡಿದ್ದು ಇದಕ್ಕೆ ತದ್ವಿರುದ್ಧ: ಇಂತಿಷ್ಟು ಹೊತ್ತು ಸದ್ದಿಲ್ಲವಾದರೆ ಸರದಿ ತನ್ನದೆಂದು ತಿಳಿಯುವುದು. ಆದ್ದರಿಂದಲೇ ಅವು ದುಃಖದಲ್ಲಿರುವವನ ಮಾತನ್ನು ನಡುವೆ ಕತ್ತರಿಸುತ್ತವೆ. ಹೊಸ ಗುರುಗಳು ಕೆಲವರು ಹಾಗೆ ಮಾಡುವುದನ್ನು ಕಂಡಿದ್ದೇನೆ. ಆ ತಪ್ಪಿಗೆ ಯಂತ್ರವೇ ಆಗಬೇಕೆಂದಿಲ್ಲ.

ಕೇಳುಗನು ನಡುನಡುವೆ ಕೊಡುವ ಪುಟ್ಟ ದನಿಗಳಿಗೆ 1970ರಲ್ಲಿ ವಿಕ್ಟರ್ ಇಂಗ್ವೆ ಎಂಬ ಭಾಷಾವಿಜ್ಞಾನಿ ಇಂಗ್ಲಿಷಿನಲ್ಲಿ ಒಂದು ಪಾರಿಭಾಷಿಕ ಹೆಸರು ಕೊಟ್ಟರು. ಕನ್ನಡಕ್ಕೆ ಆ ಕಷ್ಟವಿರಲಿಲ್ಲ. ನಮ್ಮಲ್ಲಿ ‘ಹೂಂಗುಟ್ಟು’ ಎಂಬ ಕ್ರಿಯಾಪದವೇ ಇದೆ. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟಬೇಕು. ಹೂಂ ನಿಂತಿತೆಂದರೆ ಮಗು ನಿದ್ದೆ ಹೋಗಿದೆ, ಕಥೆಯೂ ನಿಲ್ಲುತ್ತದೆ. ಮಂಡ್ಯದ ಸೀಮೆಯಲ್ಲಿ ಈ ಒಂದು ಉಲಿಗೆ ಹತ್ತು ಅರ್ಥ. ಚಿಕ್ಕದಾಗಿ ಹೇಳಿದರೆ ಒಪ್ಪಿಗೆ, ಎಳೆದು ಹೇಳಿದರೆ ಅನುಮಾನ, ಎರಡು ಸಲ ಹೇಳಿದರೆ ಬೇಸರ, ತಲೆ ತಗ್ಗಿಸಿ ಹೇಳಿದರೆ ‘ನೀವು ಹೇಳಿದ್ದು ಕೇಳಿಸಿತು’ ಎಂದಷ್ಟೇ. ನಾಲಿಗೆಯಿಂದ ಲೊಚಗುಟ್ಟಿದರೆ ಅದು ಮರುಕವೂ ಆದೀತು, ‘ಇಲ್ಲ’ವೂ ಆದೀತು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಸಹಾಯಕ ಗುರುವಾಗಿ ಆ ಸೀಮೆಯ ಒಂದು ಧರ್ಮಕೇಂದ್ರಕ್ಕೆ ಹೋದ ಮೊದಲ ವರ್ಷ, ಮದುವೆಗೆ ಗೊತ್ತಾಗಿದ್ದ ಹುಡುಗಿಯೊಬ್ಬಳನ್ನು ವಿಧಿಯಂತೆ ಪ್ರತ್ಯೇಕವಾಗಿ ಕರೆದು, ಈ ಸಂಬಂಧಕ್ಕೆ ನಿನ್ನ ಮನಸ್ಸಿನ ಒಪ್ಪಿಗೆಯಿದೆಯೇ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ‘ಹೂಂ’ ಎಂದಳು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ವಾರ ಕಳೆದ ಮೇಲೆ ಅವಳ ಅಕ್ಕ ಬಂದು ಬಾಗಿಲಲ್ಲೇ ನಿಂತು ಹೇಳಿದಳು: “ಸ್ವಾಮಿ, ನೀವು ಕೇಳಿದ್ದು ಕೇಳುಸ್ತು ಅಂತ ಹೂಂ ಅಂದವ್ಳೆ. ಒಪ್ಪಿದ್ದೀನಿ ಅಂತ ಎಲ್ಲಿ ಅಂದ್ಲು?” ವಿವಾಹದ ಸಮ್ಮತಿಯನ್ನು ಮಾತಿನಲ್ಲಿ, ಮಾತು ಬಾರದವರಾದರೆ ಅದಕ್ಕೆ ಸಮನಾದ ಸನ್ನೆಯಲ್ಲಿ, ವ್ಯಕ್ತಪಡಿಸಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 1104ನೆಯ ವಿಧಿ ಹೇಳುತ್ತದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆದವನು ನಾನು. ಆ ಬರಹವನ್ನು ಹೊಡೆದುಹಾಕಿದೆ, ಮದುವೆ ನಿಂತಿತು. ಅಕ್ಕ ಬಾರದೆ ಹೋಗಿದ್ದರೆ ಏನಾಗುತ್ತಿತ್ತೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗಿದ್ದರೆ ಇಂಗಿತವನ್ನು ಓದುವುದರಲ್ಲಿ ನಮಗಿಂತ ಯಂತ್ರ ಚೆನ್ನಾಗಿದ್ದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ತಯಾರಾದ ‘ಮಿತ್ರ’ ಎಂಬ ರೋಬೋಟು 2017ರ ನವೆಂಬರಿನಲ್ಲಿ ಹೈದರಾಬಾದಿನ ಉದ್ಯಮಶೀಲರ ಜಾಗತಿಕ ಸಮಾವೇಶದಲ್ಲಿ ಪ್ರಧಾನಿಯನ್ನು ಸ್ವಾಗತಿಸಿ ಸುದ್ದಿಯಾಯಿತು. 2020ರ ಕೋವಿಡ್ ಕಾಲದಲ್ಲಿ ಅದೇ ಮಿತ್ರ ಬೆಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿ ಬಂದವರ ಜ್ವರ ನೋಡಿತು. ನೋಯ್ಡಾದ ಆಸ್ಪತ್ರೆಯೊಂದರಲ್ಲಿ ಹಾಸಿಗೆಯಿಂದ ಹಾಸಿಗೆಗೆ ಉರುಳಿ ಹೋಗಿ, ಎದೆಯ ಮೇಲಿನ ತೆರೆಯಲ್ಲಿ ರೋಗಿಗಳಿಗೆ ಮನೆಯವರ ಮುಖ ತೋರಿಸಿತು. ಗುರುಗಳಿಗೂ ಒಳಗೆ ಹೋಗಲು ಅಪ್ಪಣೆಯಿಲ್ಲದ ದಿನಗಳವು. ಆ ಸೇವೆಯನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. 2020ರ ಜನವರಿಯಲ್ಲಿ ಇಸ್ರೋ ಸಂಸ್ಥೆ ಬೆಂಗಳೂರಿನಲ್ಲಿ ಪರಿಚಯಿಸಿದ ‘ವ್ಯೋಮಮಿತ್ರ’ಳೂ ಗಗನಯಾತ್ರಿಗಳೊಡನೆ ಸಂಭಾಷಿಸಲೆಂದೇ ರೂಪುಗೊಂಡವಳು. ಎರಡೂ ಯಂತ್ರಗಳ ಹೆಸರಿನಲ್ಲಿ ‘ಮಿತ್ರ’ ಇರುವುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ.

ಓದಬಲ್ಲದೇ ಎಂಬುದಕ್ಕಿಂತ ಹಿಂದಿನ ಪ್ರಶ್ನೆಯೊಂದಿದೆ: ಆ ಓದು ಯಾರಿಗಾಗಿ? ಇದನ್ನು ವಿಚಾರ ಮಾಡಲು ನಾವು ಮತ್ತೆ 1799ರ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಹುಲಿ ಹಡಗು ಹತ್ತಿ ಲಂಡನ್ನಿಗೆ ಹೊರಟ ಆ ದಿನಗಳಲ್ಲೇ ಊರಿಗೆ ಇನ್ನೊಬ್ಬರು ಬಂದರು.

ಅಬ್ಬೆ ಜಾನ್ ಅಂತ್ವಾನ್ ದುಬ್ವಾ ಅವರು ಹುಟ್ಟಿದ್ದು ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಸ್ಥೆಯ ಗುರುವಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ತಾಯ್ನಾಡಿನಲ್ಲಿ ಮಹಾಕ್ರಾಂತಿ, ಗುರುಗಳ ತಲೆ ಉರುಳುತ್ತಿದ್ದ ಕಾಲ. ಕೆಲವು ವರ್ಷ ತಮಿಳು ಸೀಮೆಯಲ್ಲಿದ್ದ ಅವರನ್ನು ಟಿಪ್ಪುವಿನ ಪತನದ ಬಳಿಕ ಮೈಸೂರು ರಾಜ್ಯಕ್ಕೆ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಕೂಡಿಸಲು ಕಳುಹಿಸಲಾಯಿತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅವರ ಹೆಸರಿನಲ್ಲೇ ಕರೆಯುವ ದೇವಾಲಯ ಇಂದಿಗೂ ಇದೆ.

ಅವರ ಮುಂದಿದ್ದ ಕೆಲಸ ಎಂಥದು ಎಂಬುದನ್ನು ತುಸು ನಿಂತು ಯೋಚಿಸಬೇಕು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ರೈಸ್ತರು 15 ವರ್ಷ ಈ ನೆಲದಲ್ಲಿ ಬಂಧನದಲ್ಲಿದ್ದರು. ಅವರಲ್ಲೂ ಸ್ಥಳೀಯ ಕ್ರೈಸ್ತರಲ್ಲೂ ಅನೇಕರು ಬಲವಂತಕ್ಕೆ ಮಣಿದು ಧರ್ಮ ಬದಲಿಸಿದ್ದರು. ಈಗ ಅವರಲ್ಲಿ ಹಲವರು ಹಿಂದಿರುಗಲು ಬಯಸುತ್ತಿದ್ದರು. ಹೊರಗಿನ ಗುರುತುಗಳನ್ನು ನೋಡಿ ನಿರ್ಧರಿಸುವುದಾದರೆ ಉಡುಪು, ಹೆಸರು, ಮೈಮೇಲಿನ ಗುರುತು ಎಲ್ಲವೂ ಅವರು ಕ್ರೈಸ್ತರಲ್ಲವೆಂದೇ ಹೇಳುತ್ತಿದ್ದವು. ಹದಿನೈದು ವರ್ಷ ಭಯದಲ್ಲಿ ಬದುಕಿದವರ ಮುಖವೂ ಮಾತನಾಡದು. ಬದುಕಿ ಉಳಿಯಲೆಂದೇ ಅದು ಭಾವವನ್ನು ಮರೆಮಾಚಲು ಕಲಿತಿರುತ್ತದೆ. ದುಬ್ವಾ ಅವರು ಇವರನ್ನು ಮತ್ತೆ ಧರ್ಮಸಭೆಯ ತೆಕ್ಕೆಗೆ ತೆಗೆದುಕೊಂಡರು. ಅದಕ್ಕೆ ಅವರಿಗಿದ್ದ ಆಧಾರ, ಎದುರು ಕುಳಿತವರ ಮಾತು ಮತ್ತು ಅದನ್ನು ನಂಬುವ ತಮ್ಮ ನಿರ್ಧಾರ.

ಆಮೇಲಿನ 23 ವರ್ಷ ಅವರು ಈ ನಾಡಿನ ಜನರಂತೆಯೇ ಬದುಕಿದರು. ಇಲ್ಲಿಯ ಉಡುಪು ತೊಟ್ಟರು, ಇಲ್ಲಿಯವರಂತೆ ಉಂಡರು, ಜನರಿಗೆ ಅಸಹ್ಯವಾದ ಐರೋಪ್ಯ ರೂಢಿಗಳನ್ನು ಬಿಟ್ಟರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿಯ ಸಾಥಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತ ಒಕ್ಕಲುಗಳಿಗೆ ನೆಲೆ ಕಲ್ಪಿಸಿದರು. ಸಿಡುಬಿಗೆ ದೇವಿ ಹಾಕುವ ಪದ್ಧತಿ ಹೊಸದಾಗಿದ್ದಾಗ, 1803–04ರಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಆಗತಾನೆ ಬಂದ ಪರದೇಶಿ ಮದ್ದನ್ನು ತಾಯಿಯೊಬ್ಬಳು ತನ್ನ ಕೂಸಿನ ತೋಳಿಗೆ ಚುಚ್ಚಲು ಬಿಡಬೇಕಾದರೆ ಚುಚ್ಚಿಸುವವನ ಮೇಲೆ ಅವಳಿಗೆ ಎಷ್ಟು ಭರವಸೆಯಿರಬೇಕು! ಅವರು ಜನರನ್ನು ಓದಿದ್ದಷ್ಟೇ ಅಲ್ಲ, ಜನರೂ ಅವರನ್ನು ದಿನವೂ ಓದುತ್ತಿದ್ದರು: ಏನುಣ್ಣುತ್ತಾರೆ, ಯಾರ ಮನೆಗೆ ಹೋಗುತ್ತಾರೆ, ಯಾರ ಮೇಲೆ ಸಿಟ್ಟಾಗುತ್ತಾರೆ ಎಂದು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸಂತರ ಚರಿತ್ರೆಯಾದೀತು. ದುಬ್ವಾ ಅವರ ಚರಿತ್ರೆಗೆ ಇನ್ನೊಂದು ಮುಖವಿದೆ. ನಮ್ಮ ಪ್ರಶ್ನೆಗೆ ಅದೇ ಮುಖ್ಯ.

ತಾವು ಕಂಡ ಆಚಾರ, ನಡೆ, ಸಂಸ್ಕಾರಗಳನ್ನೆಲ್ಲ ಅವರು ಫ್ರೆಂಚಿನಲ್ಲಿ ಬರೆದಿಟ್ಟರು. 1806ರಲ್ಲಿ ಆ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಕೈಸೇರಿತು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಮೆಚ್ಚಿ, ಕಂಪನಿಯ ಪರವಾಗಿ 2,000 ವರಹಗಳಿಗೆ ಕೊಂಡರು. ಐರೋಪ್ಯರಿಗೆ ಇಲ್ಲಿಯ ಜನರ ರೀತಿನೀತಿ ಏನೇನೂ ತಿಳಿಯದು. ಸರ್ಕಾರದ ನೌಕರರು ಜನರೊಡನೆ ಹೇಗೆ ವರ್ತಿಸಬೇಕೆಂದು ಕಲಿಯಲು ಈ ಗ್ರಂಥ ನೆರವಾಗುವುದು ಎಂಬುದೇ ಅವರು ಕೊಟ್ಟ ಕಾರಣದ ಸಾರ. 1816ರಲ್ಲಿ ಅದು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1897ರಲ್ಲಿ ಬೋಶಾಂಪ್ ಅವರ ಹೊಸ ಅನುವಾದ ಬಂದು, ಮುಂದೆ ಹಲವು ತಲೆಮಾರು ಆಳುವವರು ಆಳಿಸಿಕೊಳ್ಳುವವರನ್ನು ಅರಿಯುವ ಕೈಪಿಡಿಯಾಯಿತು. ಜನರು ತಮ್ಮ ಸ್ವಾಮಿಯವರ ಮುಂದೆ ಮನೆಯ ಬಾಗಿಲು ತೆರೆದಿದ್ದರು. ಒಳಗೆ ಕಂಡದ್ದು ಕಂಪನಿಯ ಕಚೇರಿಗೆ ತಲುಪಿತು. ದುಬ್ವಾ ಅವರಿಗೆ ದುರುದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ತಿಳಿವಳಿಕೆಯಿಂದ ದಬ್ಬಾಳಿಕೆ ಕಡಿಮೆಯಾದೀತೆಂದು ಅವರು ಪ್ರಾಮಾಣಿಕವಾಗಿ ನಂಬಿರಬಹುದು. ಆದರೂ ಓದಿಸಿಕೊಂಡವರನ್ನು ಯಾರೂ ಕೇಳಲಿಲ್ಲ.

ಮತ್ತೂ ಒಂದು ಸಂಗತಿ. ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆ, ದುಬ್ವಾ ಅವರ ಗ್ರಂಥದ ಬಹುಭಾಗ ಅವರ ಸ್ವಂತ ಅವಲೋಕನವಲ್ಲವೆಂದು ತೋರಿಸಿತು. ಯೇಸುಸಭೆಯ ಗುರು ಗಾಸ್ತೋನ್ ಲೋರಾನ್ ಕೂರ್ದೂ ಅವರು 1770ರ ದಶಕದಲ್ಲೇ ಬರೆದು ಕಳೆದುಹೋಗಿದ್ದ ಕೃತಿಯೊಂದರಿಂದ ಅದು ಬಂದಿತ್ತು. ಕೂರ್ದೂ ಅವರು ತೆಲುಗು ಸೀಮೆಯಲ್ಲೂ ಪುದುಚೇರಿಯಲ್ಲೂ ದುಡಿದವರು. ಅಲ್ಲಿಯ ಜನರನ್ನು ಒಬ್ಬರು ಓದಿದ್ದು, ಇನ್ನೊಬ್ಬರ ಹೆಸರಿನಲ್ಲಿ, ಎಲ್ಲ ಹಿಂದೂಗಳಿಗೂ ಅನ್ವಯಿಸುವ ಸತ್ಯವಾಗಿ ಅಚ್ಚಾಯಿತು. ಗಂಜಾಂನ ಒಕ್ಕಲಿಗನನ್ನು ಮುಂದೆ ಇಂಗ್ಲಿಷ್ ಅಧಿಕಾರಿಯೊಬ್ಬ ಆ ಪುಸ್ತಕ ಹಿಡಿದು ಓದಿದಾಗ, ಅವನು ನಿಜಕ್ಕೂ ಓದುತ್ತಿದ್ದುದು ಕೃಷ್ಣಾ ನದಿಯಾಚೆ ಯಾವಾಗಲೋ ಬದುಕಿದ್ದ ಇನ್ನಾರನ್ನೋ ಇರಬಹುದು.

ರೋಬೋಟುಗಳ ಕಡೆಗೆ ಮರಳಲು ಈಗ ದಾರಿ ಸಿಕ್ಕಿತು. ಯಂತ್ರವೂ ಎದುರಿನವನನ್ನು ನೇರವಾಗಿ ಓದುವುದಿಲ್ಲ. ಎಲ್ಲೋ ಯಾರೋ ಸಂಗ್ರಹಿಸಿದ ಸಾವಿರಾರು ಮುಖಗಳ, ದನಿಗಳ ಮೇಲೆ ಯಾರೋ ಬರೆದ ಹಣೆಪಟ್ಟಿಗಳಿಂದ ಅದು ಪಾಠ ಕಲಿತಿರುತ್ತದೆ. ಈ ಮುಖ ಆ ರಾಶಿಯಲ್ಲಿ ಯಾವುದನ್ನು ಹೋಲುತ್ತದೆ ಎಂದು ಹೇಳುತ್ತದೆ. ಹೋಲಿಕೆ ಎಷ್ಟು ನಂಬಲರ್ಹ? 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಅವರ ನಾಲ್ವರು ಸಹವಿದ್ವಾಂಸರು ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಮುಖದ ಚಲನೆಯೊಂದರಿಂದಲೇ ಒಳಗಿನ ಭಾವವನ್ನು ಖಚಿತವಾಗಿ ಹೇಳಲು ಆಧಾರ ಸಾಲದೆಂದು ತೀರ್ಮಾನಿಸಿದರು. ಸಿಟ್ಟು ಬಂದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಗಂಟಿಕ್ಕಿದವರೆಲ್ಲ ಸಿಟ್ಟಾದವರಲ್ಲ. ಇದನ್ನು ತಿಳಿಯಲು ನಮ್ಮ ಹಿರಿಯರಿಗೆ ಅಧ್ಯಯನ ಬೇಕಿರಲಿಲ್ಲವೆಂಬುದು ನಿಜ, ಆದರೆ ಮಾರುಕಟ್ಟೆಗೆ ಬೇಕಿತ್ತು. ಯೂರೋಪ್ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾಯಿದೆ, ಕೆಲಸದ ಸ್ಥಳದಲ್ಲೂ ಶಿಕ್ಷಣ ಸಂಸ್ಥೆಗಳಲ್ಲೂ ಜನರ ಭಾವನೆಗಳನ್ನು ಯಂತ್ರದಿಂದ ಊಹಿಸುವುದನ್ನು, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಗಳ ಹೊರತು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಯಾವ ಎರಡು ಸ್ಥಳಗಳನ್ನು ಆರಿಸಿಕೊಂಡರು ಎಂಬುದನ್ನು ಗಮನಿಸಬೇಕು. ಓದುವವನು ಮೇಲೆ, ಓದಿಸಿಕೊಳ್ಳುವವನು ಕೆಳಗೆ ಇರುವ ಸ್ಥಳಗಳವು. ‘ನನ್ನ ಮುಖವನ್ನು ಓದಬೇಡಿ’ ಎಂದು ಕೂಲಿಯವನೂ ವಿದ್ಯಾರ್ಥಿಯೂ ಸುಲಭವಾಗಿ ಹೇಳಲಾರರು. ಬೆಂಟಿಂಕ್ ಅವರ 2,000 ವರಹಗಳಿಗೂ ಈ ನಿಷೇಧಕ್ಕೂ ಸಂಬಂಧವಿದೆಯೆಂದು ನಾನು ನಂಬುತ್ತೇನೆ.

ಪವಿತ್ರ ಗ್ರಂಥದಲ್ಲಿ ಮುಖ ಓದುವುದರಲ್ಲಿ ಎಡವಿದ ಯಾಜಕನೊಬ್ಬನಿದ್ದಾನೆ. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ, ಮಕ್ಕಳಿಲ್ಲದ ಹನ್ನಳು ಶಿಲೋವಿನ ದೇವಾಲಯದಲ್ಲಿ ಮನದಲ್ಲೇ ಪ್ರಾರ್ಥಿಸುತ್ತಾಳೆ. ತುಟಿ ಆಡುತ್ತಿದೆ, ದನಿಯಿಲ್ಲ. ಬಾಗಿಲ ಬಳಿ ಕುಳಿತ ಯಾಜಕ ಏಲಿ ಅವಳ ಬಾಯನ್ನೇ ಗಮನಿಸಿ, ಕುಡಿದು ಬಂದಿದ್ದಾಳೆಂದು ತೀರ್ಮಾನಿಸಿ ಗದರಿಸುತ್ತಾನೆ. ಅವನ ವೀಕ್ಷಣೆಯಲ್ಲಿ ತಪ್ಪಿಲ್ಲ. ತುಟಿಯ ಚಲನೆಯನ್ನು ಅವನು ಸರಿಯಾಗಿಯೇ ಕಂಡ. ಹಬ್ಬದ ದಿನಗಳಲ್ಲಿ ಕುಡಿದು ಬರುವವರನ್ನು ಬಹಳ ಮಂದಿಯನ್ನು ಕಂಡಿದ್ದ ಅನುಭವವೂ ಅವನಿಗಿದ್ದೀತು. ಹಿಂದೆ ಕಂಡವರ ರಾಶಿಯಲ್ಲಿ ಇವಳನ್ನೂ ಸೇರಿಸಿದ. ಆಮೇಲೆ ನಡೆದದ್ದೇ ಇಲ್ಲಿಯ ಮುಖ್ಯ ಘಟನೆ: ಹನ್ನಳು ಅಲ್ಲವೆನ್ನುತ್ತಾಳೆ, ತನ್ನ ಅಳಲನ್ನು ಹೇಳುತ್ತಾಳೆ. ಏಲಿ ಅವಳ ಮಾತನ್ನು ತನ್ನ ಕಣ್ಣಿಗಿಂತ ಮೇಲೆಂದು ಒಪ್ಪಿ ಅವಳನ್ನು ಹರಸಿ ಕಳುಹಿಸುತ್ತಾನೆ. ತಪ್ಪಾಗಿ ಓದಿದ್ದಕ್ಕಾಗಿ ನಾವು ಏಲಿಯನ್ನು ನೆನೆಯುತ್ತೇವೆ. ತಿದ್ದಿಸಿಕೊಂಡದ್ದಕ್ಕಾಗಿ ನೆನೆಯುವುದು ಕಡಿಮೆ. ನನ್ನ ಬಾಗಿಲಿಗೆ ಬಂದು ನಿಂತ ಆ ಅಕ್ಕನ ನೆನಪು ಬರದೆ ಈ ಭಾಗವನ್ನು ಈಗ ನಾನು ಓದಲಾರೆ. ಓದುವ ಯಂತ್ರದ ಮುಂದೆ ಹನ್ನಳು ಎಲ್ಲಿ ನಿಂತು ಅಲ್ಲವೆನ್ನಬೇಕು? ತೀರ್ಪು ಕೊಟ್ಟದ್ದೇ ಅವಳಿಗೆ ತಿಳಿಯದಿದ್ದರೆ?

2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಪೀಠಗಳು ಒಟ್ಟಾಗಿ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿ, ಯಂತ್ರವು ಅನುಕಂಪದ ಪ್ರತಿಕ್ರಿಯೆಯನ್ನು ಅನುಕರಿಸಬಹುದೇ ಹೊರತು ಅನುಕಂಪವನ್ನು ಅನುಭವಿಸಲಾರದು ಎನ್ನುತ್ತದೆ. ಸರಿಯಾದ ಮಾತೇ. ಆದರೆ ಅನುಕಂಪವಿದ್ದ ದುಬ್ವಾ ಅವರ ಓದೂ ಕಂಪನಿಯ ಕೈಸೇರಿತಲ್ಲ! ಆದ್ದರಿಂದ ಅನುಕಂಪದ ಪ್ರಶ್ನೆಯ ಪಕ್ಕದಲ್ಲಿ ನಾವು ನಮ್ಮದೇ ಭಂಡಾರದ ಇನ್ನೂ ಹಳೆಯದೊಂದನ್ನು ಇಡಬೇಕೆಂದು ನನಗನಿಸುತ್ತದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯ 21ನೆಯ ವಿಧಿಯನ್ನು ನಾವೆಲ್ಲ ವರ್ಷಕ್ಕೊಮ್ಮೆಯ ಪಾಪನಿವೇದನೆಯ ಕಟ್ಟಳೆಯೆಂದು ಓದಿರುತ್ತೇವೆ. ಅದರ ಉತ್ತರಾರ್ಧವನ್ನು ನೋಡಬೇಕು. ಗಾಯ ನೋಡುವ ನುರಿತ ವೈದ್ಯನಂತೆ ಗುರು ಪಾಪಿಯ ಸ್ಥಿತಿಗತಿಗಳನ್ನು ವಿವೇಕದಿಂದ ವಿಚಾರಿಸಿ ಅರಿಯಬೇಕೆಂದು ಅದು ಹೇಳುತ್ತದೆ. ಎಂದರೆ ಚೆನ್ನಾಗಿ ಓದು ಎನ್ನುತ್ತದೆ. ಒಡನೆಯೇ, ಹಾಗೆ ಅರಿತದ್ದನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ಬಗೆಯಿಂದಾಗಲಿ ಹೊರಗೆಡಹಕೂಡದೆಂದು ಕಟ್ಟುಮಾಡುತ್ತದೆ. ಗುರುವಿನ ಹುಬ್ಬು ಕೂಡ ಗುಟ್ಟು ಬಿಟ್ಟುಕೊಡಬಾರದು. ಓದುವ ಸಾಮರ್ಥ್ಯವನ್ನೂ ಓದಿದ್ದನ್ನು ಯಾರಿಗೂ ಕೊಡದಿರುವ ಹೊಣೆಯನ್ನೂ ಒಂದೇ ವಿಧಿ ಒಬ್ಬನೇ ಮನುಷ್ಯನ ಹೆಗಲಿಗೆ ಹೊರಿಸಿತು.

ದುಬ್ವಾ ಅವರು 1823ರ ಜನವರಿ 15ರಂದು ಕಂಪನಿಯ ವಿಶ್ರಾಂತಿ ವೇತನ ಪಡೆದು ಹಡಗು ಹತ್ತಿದರು, ಮತ್ತೆ ಬರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ಜನರನ್ನು ಕ್ರೈಸ್ತಧರ್ಮಕ್ಕೆ ತರುವುದು ಅಸಾಧ್ಯವೆಂದು ಬರೆದು ಎಲ್ಲ ಪಂಗಡದ ಪ್ರೇಷಿತರ ಕೋಪಕ್ಕೆ ಗುರಿಯಾದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ನಮ್ಮ ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ ಇಂದೋ ನಾಳೆಯೋ ಇಂಥ ರೋಬೋಟುಗಳನ್ನು ತರುವ ಪ್ರಸ್ತಾಪ ಬಂದಾಗ, ಆಡಳಿತ ಮಂಡಳಿಯಲ್ಲಿ ಕುಳಿತ ಗುರುಗಳು ಅದು ಕನ್ನಡ ಮಾತನಾಡುತ್ತದೆಯೇ ಎಂದು ಕೇಳುವರು. ಬೆಲೆ ಎಷ್ಟೆಂದೂ ಕೇಳುವರು. ರೋಗಿಯ ಮುಖದಿಂದ ಅದು ಓದಿದ್ದು ಯಾವ ಊರಿನ ಯಾವ ಯಂತ್ರದಲ್ಲಿ ಉಳಿಯುತ್ತದೆ, ಅದನ್ನು ಯಾರು ಕೊಳ್ಳಬಹುದು ಎಂಬುದನ್ನೂ ಕಾಗದದಲ್ಲಿ ಬರೆಸಿಕೊಳ್ಳಲಿ. ಗುಟ್ಟು ಬಿಟ್ಟುಕೊಟ್ಟ ಗುರುವಿಗೆ ಲ್ಯಾಟರನ್ನಿನ ಆ ವಿಧಿಯಲ್ಲೇ ಶಿಕ್ಷೆಯೂ ಇದೆ: ಗುರುಪದವಿಯಿಂದ ಇಳಿಸಿ, ಬದುಕಿರುವವರೆಗೂ ಪ್ರಾಯಶ್ಚಿತ್ತ ಮಾಡುವಂತೆ ಕಠಿಣ ನೇಮದ ಮಠವೊಂದಕ್ಕೆ ಕಳುಹಿಸುವುದು.